ಹಂಡೆ ಕಾಯಿಸಿದ ಕೈಗಳು

ಕಮ್ಮರಡಿ ಸೀಮೆಯ ನಮಗೆ ಬಚ್ಚಲು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ದೊಡ್ಡಮನೆಗಳ ಬಚ್ಚಲೊಲೆ ಆರುವುದೇ ಇಲ್ಲ. ತಾಮ್ರದ ಹಂಡೆ, ಅದರ ಕೆಳಗೆ ಹಗಲೂ ರಾತ್ರಿ ಉರಿಯುವ ಕುಂಟೆ, ಹೊಗೆ ಹಿಡಿದ ಗೋಡೆ, ಒಲೆ ಎದುರಿಗೆ ಒಣಗಲು ಹಾಕಿದ ಕಂಬಳಿ. ಆ ಕುಂಟೆಯನ್ನು ಕಾಡಿನಿಂದ ಹೊತ್ತು ತಂದವರು ನಮ್ಮ ಅಪ್ಪ ಅಜ್ಜಂದಿರು. ಆದರೆ ಆ ಹಂಡೆಯ ಒಂದು ಚೊಂಬು ಬಿಸಿನೀರು ಅವರ ಮೈಮೇಲೆ ಬೀಳಲಿಲ್ಲ. ದಿನವಿಡೀ ತೋಟದ ಕೆಸರಲ್ಲಿ ನಿಂತು, ಉಂಬಳ ಕಚ್ಚಿಸಿಕೊಂಡು, ಸಂಜೆ ಹಳ್ಳದ ತಣ್ಣೀರಲ್ಲಿ ಕಾಲು ತೊಳೆದು ಕೇರಿಯ ದಾರಿ ಹಿಡಿದರು. ಸೌದೆ ನಮ್ಮದು, ಬಿಸಿ ಅವರದು.

ಕುಡಿಯುವ ನೀರಿನ ಜಾತಿಯ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಎತ್ತಿದ್ದನ್ನು ಪ್ರತಿ ವರ್ಷ ನೆನೆಯುತ್ತೇವೆ. ಮೈ ತೊಳೆಯುವ ನೀರಿನ ಬಗ್ಗೆ ಬರೆದದ್ದು ಕಡಿಮೆ. ದುಡಿದು ಬೆವರಿದ ಬಡವನಿಗೆ ಬಿಸಿನೀರು ಕೊಟ್ಟವರು ಯಾರು ಅಂತ ಹುಡುಕಿಕೊಂಡು ಹೋದರೆ ನಮ್ಮ ನಾಡಿನಲ್ಲಿ ಒಂದು ವಿಚಿತ್ರವಾದ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಅದು ಮಠದ ಬಾಗಿಲಲ್ಲ, ಸರ್ಕಾರದ ಬಾಗಿಲೂ ಅಲ್ಲ. ಅದು ಬೆಂಗಳೂರಿನ ಹಮಾಮಿನ ಬಾಗಿಲು. ಅದನ್ನು ನಡೆಸಿದವರು ಹಿಜ್ರಾಗಳು. ಊರು ಯಾರನ್ನು ಖೋಜಾ, ಚಕ್ಕಾ, ಒಂಬತ್ತು ಎಂದು ಹೀಯಾಳಿಸಿ ಓಡಿಸಿತೋ ಅವರು.

ಈಗ ಪೇಟೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಸಲಿಂಗಿಗಳ, ಲಿಂಗತ್ವ ಅಲ್ಪಸಂಖ್ಯಾತರ ವ್ಯಾಪಾರ, ಅವರ ಕೆಫೆ, ಅವರ ಬಟ್ಟೆ ಅಂಗಡಿ, ಅವರ ಹಬ್ಬ ಎಂದೆಲ್ಲ ಬರೆಯುತ್ತಾರೆ. ಬರೆಯಲಿ, ಬೇಡ ಅನ್ನುವವರು ನಾವಲ್ಲ. ಆದರೆ ಇದೆಲ್ಲ ನಿನ್ನೆ ಮೊನ್ನೆ ಪರದೇಶದಿಂದ ವಿಮಾನದಲ್ಲಿ ಬಂದಿಳಿಯಿತು ಎಂಬಂತೆ ಬರೆಯುತ್ತಾರಲ್ಲ, ಅದು ಸುಳ್ಳು. ಕೆಫೆಗೆ ಮೊದಲು ಹಮಾಮ್ ಇತ್ತು. ಗಾಜಿನ ಬಾಗಿಲಿಗೆ ಮೊದಲು ಗೋಣಿಪರದೆ ಇತ್ತು.

ಹಮಾಮ್ ಎಂಬುದು ಅರಬ್ಬಿ ಮಾತು. ಪಾರಸಿ, ಉರ್ದು ದಾಟಿ ನಮ್ಮ ದಖನಿಗೆ ಬಂದು ಬೆಂಗಳೂರಿನ ಕನ್ನಡಕ್ಕೂ ಬಂತು. ಸುಲ್ತಾನರ, ನವಾಬರ ಅರಮನೆಯಲ್ಲಿ ಅಮೃತಶಿಲೆ ಹಾಸಿದ ಸ್ನಾನಗೃಹಕ್ಕಿದ್ದ ಹೆಸರು ಅದು. ಬೆಂಗಳೂರಿನಲ್ಲಿ ಅದು ತಗಡಿನ ಸೂರಿನ ಎರಡು ಮೂರು ಕೋಣೆಗೆ ಇಳಿಯಿತು. ದಂಡು ಪ್ರದೇಶದ ಶಿವಾಜಿನಗರ, ಹಲಸೂರು, ಇತ್ತ ಪೇಟೆಯ ಕಡೆ ಕಾಟನ್‌ಪೇಟೆ, ಇಂಥ ಬಡವರ ಬೀದಿಗಳಲ್ಲಿ ಹಮಾಮುಗಳಿದ್ದವು. ಒಳಗೆ ದೊಡ್ಡ ಹಂಡೆ, ಕೆಳಗೆ ಸೌದೆ ಒಲೆ. ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತವನು, ಗಾಡಿ ಎಳೆದವನು, ಹತ್ತು ಮಂದಿ ಒಂದೇ ಕೋಣೆಯಲ್ಲಿ ಮಲಗುವ ಪರ ಊರಿನ ಕೂಲಿ, ನಲ್ಲಿ ಇಲ್ಲದ ವಠಾರದವನು ಅಲ್ಲಿಗೆ ಬರುತ್ತಿದ್ದರು. ಚಿಲ್ಲರೆ ಕಾಸು ಕೊಟ್ಟರೆ ಬಿಸಿನೀರು. ಇನ್ನೊಂದಿಷ್ಟು ಕೊಟ್ಟರೆ ಮೈಗೆ ಎಣ್ಣೆ ತಿಕ್ಕಿ, ಬೆನ್ನು ಉಜ್ಜಿ, ನೀರು ಹುಯ್ಯುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಮುಟ್ಟುವುದೇ ಅಪರಾಧವಾದ ದೇಶ ಇದು. ಒಬ್ಬ ಮನುಷ್ಯ ಇನ್ನೊಬ್ಬನನ್ನು ಮುಟ್ಟಬೇಕಾದರೆ ಮೊದಲು ಕುಲ ಕೇಳುವ ದೇಶ. ಇಂಥ ದೇಶದಲ್ಲಿ ಬೆವರಿದ ಮೈಗಳನ್ನು ಮುಟ್ಟುವುದನ್ನೇ ಒಂದು ಕಸುಬಾಗಿ ಮಾಡಿಕೊಂಡು ಕೆಲವರು ಬದುಕಿದರು. ಕ್ಷೌರಿಕನ ಕೈ, ಸೂಲಗಿತ್ತಿಯ ಕೈ, ಅಗಸರ ಕೈ, ಇವುಗಳ ಸಾಲಿಗೇ ಸೇರಬೇಕಾದದ್ದು ಈ ಹಮಾಮಿನ ಕೈ. ಊರು ಆ ಕೈಗಳಿಂದ ಸೇವೆ ತಗೊಂಡಿತು, ಆ ಕೈಗಳನ್ನೇ ಹೊಲೆ ಎಂದಿತು. ಇದರ ಲೆಕ್ಕ ನಮಗೆ ಹೊಸದೇನಲ್ಲ.

ಹಮಾಮು ಬರೀ ಅಂಗಡಿಯಾಗಿರಲಿಲ್ಲ. ಮನೆ ಬಿಟ್ಟು ಬಂದ ಹುಡುಗನಿಗೆ, ಅಂದರೆ ತಾನು ಹೆಣ್ಣು ಅಂತ ಗೊತ್ತಾಗಿ ಅಪ್ಪನ ಏಟು ತಿಂದು ರಾತ್ರಿ ಬಸ್ಸೋ ರೈಲೋ ಹತ್ತಿ ಬಂದ ಜೀವಕ್ಕೆ, ಅದು ಮನೆ. ಅಲ್ಲಿ ಗುರು ಒಬ್ಬಳು ತಾಯಿ. ಅವಳ ಕೆಳಗೆ ಚೇಲಾಗಳು, ಚೇಲಾಗಳಿಗೆ ಚೇಲಾಗಳಾದ ನಾತಿಚೇಲಾಗಳು. ಗಳಿಸಿದ್ದು ಗುರುವಿನ ಕೈಗೆ. ಅನ್ನ, ಸೀರೆ, ಕಾಯಿಲೆಯ ಖರ್ಚು ಗುರುವಿನ ಕೈಯಿಂದ. ಜಗಳ ಬಂದರೆ ಜಮಾತು ಕೂತು ತೀರ್ಮಾನ ಮಾಡುತ್ತಿತ್ತು, ತಪ್ಪಿದವರಿಗೆ ದಂಡ ಹಾಕುತ್ತಿತ್ತು. ಬ್ಯಾಂಕು, ಕೋರ್ಟು, ಆಸ್ಪತ್ರೆ ಎಲ್ಲ ಬಾಗಿಲು ಹಾಕಿಕೊಂಡ ಮೇಲೆ ಇವರು ತಮ್ಮದೇ ಬ್ಯಾಂಕು, ತಮ್ಮದೇ ಕೋರ್ಟು ಕಟ್ಟಿಕೊಂಡರು. ತಮಿಳು, ತೆಲುಗು, ಕನ್ನಡ, ದಖನಿ ನಾಲ್ಕೂ ಒಂದೇ ಒಲೆಯ ಮುಂದೆ. ಮುಸಲ್ಮಾನರ ಮನೆಯಲ್ಲಿ ಹುಟ್ಟಿದವಳ ಚೇಲಾ ಆಗಿ ಮಾದಿಗರ ಮನೆಯಲ್ಲಿ ಹುಟ್ಟಿದವಳು ಬದುಕಬಹುದಿತ್ತು. ನಮ್ಮ ಸಮಾಜ ಇಷ್ಟನ್ನು ಇವತ್ತಿನವರೆಗೂ ಸಾಧಿಸಿಲ್ಲ.

ಹಾಗಂತ ನಾವು ಹಮಾಮನ್ನು ಹೂವಿನ ತೇರು ಮಾಡಿ ಎಳೆಯಲು ಹೊರಟಿಲ್ಲ. ಅಲ್ಲಿ ಮೈ ಮಾರಾಟವೂ ನಡೆಯಿತು. ನೀರು ಹುಯ್ಯಿಸಿಕೊಳ್ಳಲು ಬಂದ ಗಂಡಸು ಬೇರೆಯದನ್ನೂ ಕೇಳಿದ, ಕೊಟ್ಟರೆ ಹೊಟ್ಟೆ ತುಂಬಿತು. ಗುರುವಿನ ಋಣ ತೀರದೆ ವರ್ಷಗಟ್ಟಲೆ ದುಡಿದವರಿದ್ದಾರೆ. ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ಹೋಗಬೇಕಾದರೆ ದಂಡ ಕಟ್ಟಬೇಕಿತ್ತು. ಇದು ಜೀತವಲ್ಲ ಅಂತ ನಾವು ಹೇಗೆ ಹೇಳೋಣ? ತಮಿಳುನಾಡಿನ ಹಳ್ಳಿಯೊಂದರಿಂದ ಬಂದು ಬೆಂಗಳೂರಿನ ಹಮಾಮಿನಲ್ಲಿ ಬದುಕಿದ ಎ. ರೇವತಿಯವರು ತಮ್ಮ ಆತ್ಮಕಥೆಯಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅದು ದು. ಸರಸ್ವತಿಯವರ ಕನ್ನಡದಲ್ಲಿ ‘ಬದುಕು ಬಯಲು’ ಆಗಿ ಬಂತು, ನಾಟಕವಾಗಿ ಊರೂರು ತಿರುಗಿತು. ಓದದವರು ಓದಿ. ಅದರಲ್ಲಿ ಗುರುವಿನ ಮಮತೆಯೂ ಇದೆ, ರೌಡಿಗಳ ಚಾಕುವೂ ಇದೆ, ಪೊಲೀಸರ ಲಾಠಿಯೂ ಇದೆ.

ಪೊಲೀಸರ ಮಾತು ಬಂತು. ಇವರ ಕಸುಬಿನ ಚರಿತ್ರೆ ಬರೆಯಬೇಕಾದರೆ ಕಾನೂನಿನ ಚರಿತ್ರೆ ಬರೆಯದೆ ದಾರಿಯಿಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿದರು. ನಮ್ಮ ಕೊರಚ ಕೊರಮರನ್ನು ಹುಟ್ಟುಗಳ್ಳರು ಅಂತ ದಫ್ತರದಲ್ಲಿ ಬರೆಸಿದ್ದು ಇದೇ ಕಾಯ್ದೆಯ ಸಂತಾನ. ಅದರ ಎರಡನೇ ಭಾಗವನ್ನು ನಮ್ಮವರು ಅಷ್ಟಾಗಿ ಓದಿಲ್ಲ. ಅದು ಹಿಜ್ರಾಗಳ ಮೇಲೆ ಬರೆದದ್ದು. ಅವರ ಹೆಸರು, ವಾಸದ ಜಾಗ ರಿಜಿಸ್ಟರಿನಲ್ಲಿ ಇರಬೇಕು. ಹೆಂಗಸರ ಉಡುಗೆಯಲ್ಲಿ ಬೀದಿಯಲ್ಲಿ ಕಂಡರೆ, ಕುಣಿದರೆ, ಎರಡು ವರ್ಷದವರೆಗೆ ಜೈಲು. ಅವರು ಉಯಿಲು ಬರೆಯುವ ಹಾಗಿಲ್ಲ, ದಾನ ಕೊಡುವ ಹಾಗಿಲ್ಲ, ದತ್ತು ತೆಗೆದುಕೊಳ್ಳುವ ಹಾಗಿಲ್ಲ. ಇದರ ಅರ್ಥ ಏನು? ನೀನು ಗಳಿಸಬಹುದು, ಆದರೆ ಗಳಿಸಿದ್ದನ್ನು ನಿನ್ನವರಿಗೆ ಬಿಟ್ಟು ಸಾಯುವ ಹಾಗಿಲ್ಲ. ನಿನಗೆ ನಿನ್ನವರು ಎಂಬುವರೇ ಇಲ್ಲ. ಒಂದು ಜನಾಂಗವನ್ನು ಭಿಕ್ಷೆಗೆ ಇಳಿಸುವ ದಾರಿ ಇದಕ್ಕಿಂತ ಸಲೀಸಾದದ್ದು ಇನ್ನೊಂದಿಲ್ಲ. ನಮ್ಮಿಂದ ಭೂಮಿ ಕಿತ್ತುಕೊಂಡದ್ದು ಮನುಸ್ಮೃತಿಯ ಹೆಸರಿನಲ್ಲಿ; ಅವರಿಂದ ಕಿತ್ತುಕೊಂಡದ್ದು ರಾಣಿ ಸರ್ಕಾರದ ಹೆಸರಿನಲ್ಲಿ.

ಆ ಭಾಗ ಮೊದಲು ಜಾರಿಯಾದದ್ದು ಉತ್ತರದ ಪ್ರಾಂತ್ಯಗಳಲ್ಲಿ. ನಮ್ಮ ಮೈಸೂರು ಸೀಮೆಗೆ ಸಂಬಂಧವಿಲ್ಲ ಅಂತ ಬಿಡಬಹುದಿತ್ತು. ಆದರೆ 1919ರಲ್ಲಿ ಹೈದರಾಬಾದಿನ ನಿಜಾಮ ಸರ್ಕಾರವೂ ಅಂಥದ್ದೇ ಒಂದು ಕಾಯ್ದೆ ತಂದಿತು. ಆಗ ಕಲಬುರಗಿ, ಬೀದರ್, ರಾಯಚೂರು ನಿಜಾಮನ ಕೆಳಗಿದ್ದವು. ತೆಲಂಗಾಣದಲ್ಲಿ ಆ ಕಾಯ್ದೆ ಪುಸ್ತಕದಿಂದ ಅಳಿದದ್ದು 2023ರಲ್ಲಿ, ಅಲ್ಲಿನ ಹೈಕೋರ್ಟ್ ರದ್ದು ಮಾಡಿದಾಗ. ನೂರು ವರ್ಷ ದಾಟಿತ್ತು. ಇದೆಲ್ಲ ಹಳೇ ಕಾಲದ ಮಾತು ಅನ್ನುವವರು ಇನ್ನೊಂದು ಕೇಳಬೇಕು. 2011ರಲ್ಲಿ, ನಮ್ಮದೇ ವಿಧಾನಸಭೆ, ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿತು. ಅನುಮಾನ ಬಂದ ಹಿಜ್ರಾಗಳ ಹೆಸರು, ವಿಳಾಸದ ರಿಜಿಸ್ಟರು ಇಡುವ ಅಧಿಕಾರ ಪೊಲೀಸರಿಗೆ ಬಂತು. ನೂರನಲವತ್ತು ವರ್ಷದ ಹಿಂದಿನ ಬಿಳಿಯರ ಕಾಗದವನ್ನು ಎದುರಿಗಿಟ್ಟುಕೊಂಡು ನಕಲು ಮಾಡಿದ ಹಾಗೆ! ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋಯಿತು. 2017ರ ಹೊತ್ತಿಗೆ ಸರ್ಕಾರ ಆ ಪದವನ್ನು ತೆಗೆದು ‘ವ್ಯಕ್ತಿ’ ಎಂದು ಹಾಕಿತ್ತು. ಪದ ಹೋಯಿತು. ಕಲಮು ಉಳಿಯಿತು.

ಕಾನೂನು ಹೀಗಿದ್ದರೆ ಲಾಠಿ ಹೇಗಿರುತ್ತದೆ? ಪಿಯುಸಿಎಲ್ ಕರ್ನಾಟಕ ಘಟಕ 2001ರಲ್ಲಿ ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ಒಂದು ವರದಿ ತಂದಿತು. ಪಾರ್ಕುಗಳಲ್ಲಿ ಗಂಡಸರನ್ನು ಹಿಡಿದು, 377ನೇ ಕಲಮಿನ ಹೆದರಿಕೆ ಹಾಕಿ ದುಡ್ಡು ಕೀಳುವುದು ಅದರಲ್ಲಿ ದಾಖಲಾಯಿತು. 2003ರಲ್ಲಿ ಹಿಜ್ರಾ ಮತ್ತು ಕೋತಿಗಳ ಬಗ್ಗೆಯೇ ಇನ್ನೊಂದು ವರದಿ ಬಂತು. ಹಮಾಮುಗಳೊಳಗಿನ ಬದುಕು, ಅಲ್ಲಿಗೂ ನುಗ್ಗುವ ಪೊಲೀಸರು, ಗೂಂಡಾಗಳು ಅದರಲ್ಲಿದ್ದಾರೆ. 2008ರ ಅಕ್ಟೋಬರಿನಲ್ಲಿ ಬೆಂಗಳೂರು ಪೊಲೀಸರು ಐವರು ಹಿಜ್ರಾಗಳನ್ನು ಹಿಡಿದರು. ವಿಚಾರಿಸಲು ಹೋದ ‘ಸಂಗಮ’ದ ಕಾರ್ಯಕರ್ತರನ್ನೂ ಒಳಗೆ ಹಾಕಿದರು. ಅದೇ ವರ್ಷ ಜೂನ್ 29ರಂದು ಬೆಂಗಳೂರಿನ ಬೀದಿಯಲ್ಲಿ ಕಾಮನಬಿಲ್ಲಿನ ಬಾವುಟ ಹಿಡಿದ ಮೊದಲ ಮೆರವಣಿಗೆ ಹೋಗಿತ್ತು. ಮೆರವಣಿಗೆಗೆ ಬಂದು ಫೋಟೊ ತೆಗೆದವರು ಠಾಣೆಗೆ ಎಷ್ಟು ಮಂದಿ ಬಂದರು ಅಂತ ನಾವು ಕೇಳುವುದಿಲ್ಲ. ಯಾಕಂದ್ರೆ ನಮ್ಮನ್ನೂ ಅದೇ ಪ್ರಶ್ನೆ ಕೇಳಬಹುದು.

ಹೌದು, ಕೇಳಬೇಕು. ನಮ್ಮ ಚಳುವಳಿ ಎಲ್ಲಿತ್ತು?

1973ರ ಬೂಸಾ ಗಲಾಟೆಯ ಬಿಸಿಯಲ್ಲಿ ಹುಟ್ಟಿದ ಚಳುವಳಿ ನಮ್ಮದು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದೆವು. ಭೂಮಿ ಕೇಳಿದೆವು, ಬಾವಿ ಕೇಳಿದೆವು, ದೇವಸ್ಥಾನದ ಬಾಗಿಲು ಕೇಳಿದೆವು. ನಮ್ಮ ಮಲೆನಾಡಿಗೆ ದೂರವಲ್ಲದ ಸೊರಬದ ಚಂದ್ರಗುತ್ತಿಯಲ್ಲಿ 1986ರಲ್ಲಿ ರೇಣುಕಾಂಬೆಯ ಬೆತ್ತಲೆ ಸೇವೆ ತಡೆಯಲು ದಲಿತ ಸಂಘರ್ಷ ಸಮಿತಿಯವರು ಹೋಗಿ ಏಟು ತಿಂದರು. ಪೊಲೀಸರೂ ತಿಂದರು. ಆಮೇಲೆ ಬೆತ್ತಲೆ ಸೇವೆ ನಿಂತಿತು. ಅದು ನಮ್ಮ ಹೆಮ್ಮೆ, ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ಎಲ್ಲಮ್ಮ, ರೇಣುಕೆ, ಹುಲಿಗೆಮ್ಮರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟು, ತಲೆ ಮೇಲೆ ಪಡ್ಡಲಿಗೆ, ಕೈಯಲ್ಲಿ ಚೌಡಿಕೆ ಹಿಡಿದು ಊರೂರು ತಿರುಗುವ ಜೋಗಪ್ಪಗಳನ್ನು ನಾವು ಕಂಡೂ ಕಾಣಲಿಲ್ಲ. ಅವರಲ್ಲಿ ಎಷ್ಟೋ ಜನ ನಮ್ಮ ಕೇರಿಯ ಮಕ್ಕಳೇ. ಅವರಿಗೆ ನಾವು ಮೂಢನಂಬಿಕೆ ಅಂತ ಒಂದು ಹೆಸರಿಟ್ಟು ಮುಂದೆ ಹೋದೆವು. 1982ರ ದೇವದಾಸಿ ಕಾಯ್ದೆ ಬಂತು. ಅದು ಮಾತಾಡಿದ್ದು ದೇವರಿಗೆ ಬಿಟ್ಟ ಹೆಂಗಸರ ಬಗ್ಗೆ. ಜೋಗಪ್ಪ ಆ ಕಾಯ್ದೆಗೆ ಹೆಂಗಸೂ ಅಲ್ಲ, ಊರಿಗೆ ಗಂಡಸೂ ಅಲ್ಲ.

ಶಾಲೆಯಲ್ಲಿ ಪಾಠ ಹೇಳುವ ನಮ್ಮ ಗೆಳೆಯರು ಇದನ್ನು ಯೋಚಿಸಬೇಕು. ಕನ್ನಡ ವ್ಯಾಕರಣದಲ್ಲಿ ಮೂರು ಲಿಂಗ ಅಂತ ಹಲಗೆ ಮೇಲೆ ಬರೆಯುತ್ತೇವೆ. ಮೂರನೆಯದಕ್ಕೆ ಉದಾಹರಣೆ ಕೊಡುವುದು ಮರ, ಕಲ್ಲು, ನೀರು. ಮನುಷ್ಯರು ಆ ಪಟ್ಟಿಯಲ್ಲಿ ಬರಬಹುದು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2014ರ ಏಪ್ರಿಲ್ 15ಕ್ಕೆ, ನಾಲ್ಸಾ ಮೊಕದ್ದಮೆಯಲ್ಲಿ. ಹೆಣ್ಣಿಗ ಅಂತ ತರಗತಿಯಲ್ಲಿ ನಗೆಪಾಟಲಾದ ಹುಡುಗ ಒಂದು ದಿನ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬೀಳುತ್ತದೆ. ಅವನು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಅವಳಾಗಿ ಯಾವುದೋ ಒಲೆಗೆ ಸೌದೆ ಒಟ್ಟುತ್ತಿರುತ್ತಾಳೆ. ಹಮಾಮಿಗೆ ಆಳುಗಳನ್ನು ಕಳಿಸಿಕೊಟ್ಟವರು ನಾವೇ, ನಮ್ಮ ಹಳ್ಳಿಗಳೇ. ಇನ್ನು ಹೆಣ್ಣನ್ನು ಪ್ರೀತಿಸಿದ ಹೆಣ್ಣಿಗೆ ಆ ಹಮಾಮೂ ಇರಲಿಲ್ಲ. ಅವಳಿಗೆ ಇದ್ದದ್ದು ಬಲವಂತದ ತಾಳಿ, ಇಲ್ಲವೇ ಬಾವಿ.

ಜೋಗಪ್ಪಗಳ ಕಡೆಯಿಂದ ಒಬ್ಬರು ಎದ್ದು ಬಂದರು, ಬಳ್ಳಾರಿ ಸೀಮೆಯ ಜೋಗತಿ ಮಂಜಮ್ಮ. ಕಾಳವ್ವ ಜೋಗತಿಯಿಂದ ಕುಣಿತ ಕಲಿತು, ಮೇಳ ಕಟ್ಟಿ, ಕುಣಿತವನ್ನೇ ದುಡಿಮೆ ಮಾಡಿಕೊಂಡರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಅರುಣ್ ಜೋಳದಕೂಡ್ಲಿಗಿ ಅವರು ನಿರೂಪಿಸಿದ ಆತ್ಮಕಥೆಗೆ ‘ನಡುವೆ ಸುಳಿವ ಹೆಣ್ಣು’ ಎಂದು ಹೆಸರು. ರಾಷ್ಟ್ರಪತಿಯ ಮುಂದೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿ ಚಪ್ಪಾಳೆ ಹೊಡೆಯಿತು. ಚಪ್ಪಾಳೆ ಸುಲಭ. ಚಪ್ಪಾಳೆ ಹೊಡೆದ ಅದೇ ಊರಿನಲ್ಲಿ ಒಬ್ಬ ಜೋಗತಿಗೆ ಬಾಡಿಗೆಗೆ ಕೋಣೆ ಕೇಳಿ ನೋಡಿ.

ಬಾಡಿಗೆಯೇ ಹಮಾಮನ್ನೂ ಕೊಂದದ್ದು. ಆ ಜಾಗಗಳು ಹಿಜ್ರಾಗಳ ಹೆಸರಿನಲ್ಲಿ ಇರಲಿಲ್ಲ, ಇರುವುದಕ್ಕೆ ಸಮಾಜ ಬಿಡಲಿಲ್ಲ. ಬೆಂಗಳೂರಿನ ಅಡಿಜಾಗಕ್ಕೆ ಚಿನ್ನದ ಬೆಲೆ ಬಂದಾಗ ಮಾಲೀಕನಿಗೆ ತಗಡಿನ ಸೂರಿಗಿಂತ ನಾಲ್ಕು ಅಂತಸ್ತು ಬೇಕಾಯಿತು. ವಠಾರಕ್ಕೂ ನಲ್ಲಿ ಬಂತು, ಗೀಜರು ಬಂತು, ಸ್ನಾನಕ್ಕೆ ಬರುವ ಗಿರಾಕಿ ಕಡಿಮೆಯಾದ. ಗೀಜರು ಬಂದದ್ದು ಒಳ್ಳೆಯದೇ, ಕೂಲಿಯವನ ಮನೆಯಲ್ಲೂ ಬಿಸಿನೀರು ಬರಲಿ. ಆದರೆ ಸ್ನಾನದ ದುಡ್ಡು ನಿಂತಾಗ ಉಳಿದದ್ದು ಎರಡೇ ದಾರಿ: ಸಿಗ್ನಲ್ಲಿನಲ್ಲಿ ಚಪ್ಪಾಳೆ ತಟ್ಟಿ ಕೈಯೊಡ್ಡುವುದು, ರಾತ್ರಿ ರಸ್ತೆಗೆ ನಿಲ್ಲುವುದು. ನೀರು ಕಾಯಿಸುವ ಕಸುಬು ಇದ್ದಾಗ ‘ನಮಗೂ ಒಂದು ಅಂಗಡಿ ಇದೆ’ ಅನ್ನಬಹುದಿತ್ತು. ಅದು ಹೋದ ಮೇಲೆ ಪೇಟೆಯವರು ಕೇಳುತ್ತಾರೆ, ಇವರಿಗೆ ದುಡಿದು ತಿನ್ನೋಕೆ ಏನು ರೋಗ?

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 377ರ ಹಲ್ಲು ಕಿತ್ತರು. ಆ ತೀರ್ಪಿಗೆ ಅರ್ಜಿ ಹಾಕಿದವರಲ್ಲಿ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಬ್ಬರು ಲಲಿತ್ ಹೋಟೆಲ್ ಸಮೂಹದ ಕೇಶವ ಸೂರಿ. ಅವರ ಪಂಚತಾರಾ ಹೋಟೆಲುಗಳ ಕ್ಲಬ್ಬಿನಲ್ಲಿ ಸಲಿಂಗಿಗಳು ಹೆದರದೆ ಕುಣಿಯಬಹುದಿತ್ತು. ಇನ್ನೊಬ್ಬರು ಬೆಂಗಳೂರಿನ ಬೀದಿಯಲ್ಲಿ ಪೊಲೀಸರನ್ನು ಎದುರಿಸಿ ಬೆಳೆದ ಅಕ್ಕೈ ಪದ್ಮಶಾಲಿ. ಇಬ್ಬರ ಅರ್ಜಿಯೂ ಒಂದೇ ಕಲಮಿನ ವಿರುದ್ಧ, ಒಂದೇ ಕೋರ್ಟಿನಲ್ಲಿ. ಆದರೆ ಆ ಕ್ಲಬ್ಬಿನ ಬಾಗಿಲಲ್ಲಿ ಹಮಾಮಿನ ಹುಡುಗಿ ನಿಂತರೆ ಕಾವಲಿನವನು ಒಳಗೆ ಬಿಟ್ಟಾನೆಯೇ? ಅವಳ ಜೇಬಿನಲ್ಲಿ ಅಷ್ಟು ದುಡ್ಡಾದರೂ ಇರುತ್ತದೆಯೇ? ಕಾನೂನು ಇಬ್ಬರಿಗೂ ಬಾಗಿಲು ತೆರೆಯಿತು, ಬಂಡವಾಳ ಒಬ್ಬರಿಗೆ ಮಾತ್ರ. ನಮ್ಮಲ್ಲೂ ಹೀಗೆಯೇ ಆಯಿತಲ್ಲ, ಸಂವಿಧಾನ ಎಲ್ಲರಿಗೂ ಕುರ್ಚಿ ತೋರಿಸಿತು, ಕುರ್ಚಿಯವರೆಗೆ ನಡೆಯಲು ಎಷ್ಟು ಮಂದಿಯ ಕಾಲಿಗೆ ಚಪ್ಪಲಿ ಇತ್ತು? ಹೋರಾಟ ಮಾಡಿದ್ದರಿಂದ ಒಂದು ಕೆಲಸವಾಯಿತು. ‘ಸಂಗಮ’ ಹೈಕೋರ್ಟಿಗೆ ಹೋದದ್ದರ ಫಲವಾಗಿ 2021ರ ಜುಲೈಯಲ್ಲಿ ಕರ್ನಾಟಕ ಸರ್ಕಾರ ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟಿತು. ಎಲ್ಲ ವರ್ಗಗಳೊಳಗೂ ಅಡ್ಡವಾಗಿ ಹಾಯುವ ಮೀಸಲಾತಿ ಅದು. ದಲಿತ ಹಿಜ್ರಾ ದಲಿತಳಾಗಿಯೂ ಇರಬಹುದು, ಹಿಜ್ರಾ ಆಗಿಯೂ ಇರಬಹುದು. ದೇಶದಲ್ಲೇ ಮೊದಲು. ಮೀಸಲಾತಿ ಯಾಕೆ ಬೇಕು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ, ಇದಕ್ಕೆ ನಾವು ಮೊದಲು ಕೈ ಎತ್ತಬೇಕಿತ್ತು.

ಈಗ ನಮ್ಮ ಬಗಲಿನ ಒಂದು ಸುದ್ದಿ. ನಮ್ಮ ಕಡೆಯಿಂದ ಆಗುಂಬೆ ಘಾಟಿ ಇಳಿದರೆ ಉಡುಪಿ. ಉಡುಪಿ ಹೋಟೆಲು ಅಂದರೆ ಜಗತ್ತಿಗೇ ಗೊತ್ತು. ಯಾರ ಕೈ ಅಡಿಗೆ ಅಂತ ಕೇಳಿ ಕೂರುತ್ತಿದ್ದ ಕಾಲವೂ ಗೊತ್ತು. ಹಳ್ಳಿ ಹೋಟೆಲುಗಳ ಸೂರಿಗೆ ನಮಗಾಗಿ ಸಿಕ್ಕಿಸಿಟ್ಟ ತೆಂಗಿನ ಚಿಪ್ಪು, ಕುಡಿದು ನಾವೇ ತೊಳೆದಿಡಬೇಕಾಗಿದ್ದ ಬೇರೆ ಲೋಟ, ಇವು ನಮ್ಮ ನಾಲಿಗೆಯ ಮೇಲೆ ಇನ್ನೂ ಇವೆ. ಅದೇ ಉಡುಪಿಯಲ್ಲಿ 2022ರಲ್ಲಿ ಮೂವರು ಮಂಗಳಮುಖಿಯರು ಬೀದಿಯಲ್ಲಿ ಒಂದು ಹೋಟೆಲು ಹಾಕಿದರು. ಊರು ಮಲಗಿದ ಮೇಲೆ ಒಲೆ ಹಚ್ಚಿ ಬೆಳಗಿನ ತನಕ ನಡೆಸುವ ಹೋಟೆಲು. ಯಾವ ಹೊತ್ತಿನಲ್ಲಿ ಇವರನ್ನು ಕಂಡರೆ ಊರು ಕೆಟ್ಟ ಮಾತಾಡುತ್ತಿತ್ತೋ ಅದೇ ಹೊತ್ತಿನಲ್ಲಿ ಇವರು ಬಿಸಿ ಅನ್ನ, ಬಿಸಿ ಚಾ ಹಿಡಿದು ನಿಂತರು. ಹಮಾಮಿನ ಕೈ ಮೈಗೆ ನೀರು ಹುಯ್ದಿತ್ತು. ಈ ಕೈ ತಟ್ಟೆಗೆ ಬಡಿಸಿತು. ಮೈಗೆ ನೀರು ಹುಯ್ಯಿಸಿಕೊಳ್ಳುವುದು ಕತ್ತಲ ಕೋಣೆಯಲ್ಲಿ ನಡೆಯುತ್ತದೆ, ಯಾರಿಗೂ ಕಾಣುವುದಿಲ್ಲ. ತಟ್ಟೆ ಹಿಡಿದು ಉಣ್ಣುವುದು ಬೀದಿ ದೀಪದ ಕೆಳಗೆ. ನಮ್ಮ ಲೆಕ್ಕದಲ್ಲಿ ಎರಡನೆಯದು ದೊಡ್ಡ ಹೆಜ್ಜೆ.

ಹಮಾಮುಗಳ ಲೆಕ್ಕ ಬರೆದಿಟ್ಟ ದಫ್ತರ ಯಾವುದೂ ನಮ್ಮ ಕೈಗೆ ಸಿಕ್ಕಿಲ್ಲ. ಪೊಲೀಸ್ ಠಾಣೆಯ ಕಾಗದದಲ್ಲಿ ಸಿಕ್ಕುವುದು ಕೇಸು ಮಾತ್ರ. ಆದರೆ ಆ ಒಲೆಗಳಿಗೆ ಸೌದೆ ಮಾರಿದ ಮಂಡಿಯವರು, ಮೂಟೆ ಇಳಿಸಿ ಬಂದು ಬೆನ್ನು ಉಜ್ಜಿಸಿಕೊಂಡ ಹಮಾಲಿಗಳು, ಹಂಡೆಗೆ ಕಲಾಯಿ ಹಾಕಿದವರು, ಎಲ್ಲಕ್ಕಿಂತ ಮುಖ್ಯವಾಗಿ ಆ ಗುರುಗಳಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. ಅವರಿಗೆ ವಯಸ್ಸಾಗಿದೆ. ಬೆಂಗಳೂರಿನ ಹಾಸ್ಟೆಲುಗಳಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಭಾನುವಾರ ಶಿವಾಜಿನಗರದ ಕಡೆ, ಕಾಟನ್‌ಪೇಟೆಯ ಕಡೆ ಹೋಗಿ ಅವರ ಎದುರು ಕೂತು ಕೇಳಿ ಬರೆದುಕೊಳ್ಳಬೇಕು: ಒಂದು ಹಂಡೆ ನೀರಿಗೆ ಎಷ್ಟು ಸೌದೆ ಬೇಕಿತ್ತು, ಒಂದು ಸ್ನಾನಕ್ಕೆ ಎಷ್ಟು ಕಾಸು, ಯಾವ ಊರಿನವರು ಬಂದರು, ಯಾವ ವರ್ಷ ಒಲೆ ಆರಿತು. ಮೊದಲು ಅವರ ಒಪ್ಪಿಗೆ ಕೇಳಬೇಕು, ಅಮ್ಮಾ ಎಂದು ಕರೆಯಬೇಕು, ಕೊಟ್ಟ ಚಾ ಕುಡಿಯಬೇಕು.